ಜಂಬಣ್ಣನವರ ಹಳೇ ಬೂಟು

ಹೊಳೆದಂಡೆಯ ಸಿಮೆಂಟ್ ಪಿಚ್ಚಿನಲ್ಲಿ ಜಂಬಣ್ಣನವರು ವೇಗದ ಬೌಲಿಂಗ್ ಕಲಿಸುತ್ತಿದ್ದರು. ಅವರ ಶಿಷ್ಯ ಹುಲುಗೇಶನಿಗೆ ವೇಗವೂ ಹೆಚ್ಚು, ಗುರುಭಕ್ತಿಯೂ ಹೆಚ್ಚು. ಭಕ್ತಿ ಅತಿಯಾದರೆ ಬುದ್ಧಿ ಮಂಕಾಗುತ್ತೆ ನೋಡಿ, ಅವನಿಗೂ ಹಾಗೇ ಆಯ್ತು.

ಭಾನುವಾರ ಜಿಲ್ಲಾ ತಂಡದ ಆಯ್ಕೆ. ಗುರುವಾರ ಬೆಳಿಗ್ಗೆ ಹುಲುಗೇಶ ಓಡಿ ಬಂದು ಚೆಂಡು ಎಸೆದ. ಎಡಗಾಲು ನೆಲಕ್ಕೆ ಬಿದ್ದಾಗ ಮುಖ ಕಿವುಚಿದ.

ಜಂಬಣ್ಣ ಅವನನ್ನು ಕೂರಿಸಿ, ಮೊಣಕಾಲಿನ ಕೆಳಗಿನ ಎಲುಬನ್ನು ಹೆಬ್ಬೆರಳಿನಿಂದ ಒತ್ತಿದರು. ಅವನು ಹಲ್ಲು ಕಚ್ಚಿದ. ಎಷ್ಟು ದಿನದಿಂದ ಎಂದು ಕೇಳಿದರೆ, ಮೂರು ವಾರ ಅಂದ.

ಆಗ ಅವರ ಕಣ್ಣು ಬೂಟಿನ ಮೇಲೆ ಬಿತ್ತು. ತಮ್ಮದೇ ಬೂಟು! ಗುಜರಿಗೆ ಹಾಕು ಅಂತ ಕೊಟ್ಟಿದ್ದನ್ನು ಈ ಪುಣ್ಯಾತ್ಮ ಮನೆಗೊಯ್ದು, ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡಿ, ಬಿಳಿ ಬಣ್ಣ ಬಳಿದು, ಒಳಗೆ ಬಟ್ಟೆ ತುರುಕಿ ಹಾಕಿಕೊಂಡಿದ್ದ.

ಜಂಬಣ್ಣನವರಿಗೆ ಸಿಟ್ಟೂ ಬಂತು, ಕರುಳೂ ಚುರ್ ಅಂತು. ಬೂಟು ಬಿಚ್ಚಿಸಿ, ಎರಡೂ ಕೈಯಲ್ಲಿ ಹಿಡಿದು ಮಡಚಿದರು. ಬಿಸಿ ರೊಟ್ಟಿಯ ಹಾಗೆ ಮಡಚಿಕೊಂಡಿತು.

ಹಿಮ್ಮಡಿಯ ಮೆತ್ತೆ ಸತ್ತುಹೋಗಿದೆ, ಸಿಮೆಂಟಿನ ಏಟೆಲ್ಲ ನೇರ ಎಲುಬಿಗೇ ಹೋಗ್ತಿದೆ ಎಂದರು. ಮೊದಲು ಡಾಕ್ಟರು, ಆಮೇಲೆ ಅಂಗಡಿ, ಅದೂ ಸಂಜೆ ಹೊತ್ತು. ದಿನವಿಡೀ ಓಡಾಡಿದ ಕಾಲು ಸಂಜೆಗೆ ಊದಿರುತ್ತೆ, ಅಳತೆ ನೋಡಬೇಕಾದ್ದು ಆಗಲೇ ಅಂತೆ. ಹಿಮ್ಮಡಿಯನ್ನು ಗಟ್ಟಿಯಾಗಿ ಹಿಡಿಯಬೇಕು, ಬೆರಳಿಗೆ ಜಾಗ ಬಿಡಬೇಕು, ಬೂಟಿನ ನಡು ಬಗ್ಗಬಾರದು. ಸಿಮೆಂಟಿನ ಮೇಲೆ ಮೊಳೆ ಬೂಟು ಬೇಡವೇ ಬೇಡ, ರಬ್ಬರ್ ತಳ ಇರಲಿ. ಇಷ್ಟೆಲ್ಲ ಹೇಳಿ, ಎಲುಬು ಮಾಯುವ ತನಕ ಬೌಲಿಂಗ್ ಇಲ್ಲ, ಭಾನುವಾರವೂ ಇಲ್ಲ ಎಂದರು.

ಹುಲುಗೇಶನ ಕಣ್ಣಲ್ಲಿ ನೀರು ಬಂತು. ಪಾಪ, ವರ್ಷವೆಲ್ಲ ಕಾದಿದ್ದು ಆ ಒಂದು ದಿನಕ್ಕೆ.

"ಭಾನುವಾರ ಒಂದಿನ ಇದನ್ನೇ ಹಾಕ್ಕೋತೀನಿ ಸರ್. ಆಮೇಲೆ ನೀವು ಹೇಳಿದ ಹಾಗೆ ಕೇಳ್ತೀನಿ."

"ಇದರಲ್ಲೇ ಯಾಕೋ?"

"ಕಾಲು ನೋಯ್ತಿದ್ರೂ ನೀವು ಈ ಬೂಟಲ್ಲೇ ಏಳು ವಿಕೆಟ್ ತೆಗೆದ್ರಂತೆ. ಊರೆಲ್ಲ ಹೇಳ್ತಾರೆ."

ಜಂಬಣ್ಣ ಬೂಟನ್ನು ಕೆಳಗಿಟ್ಟರು.

"ಹೂಂ, ತೆಗೆದೆ. ಅದೇ ನನ್ನ ಕೊನೇ ಮ್ಯಾಚು ಅಂತ ಯಾರೂ ಹೇಳ್ಲಿಲ್ಲೇನಪ್ಪಾ?"