ಸೀಸೆಯಲ್ಲಿಟ್ಟ ಕೊಳವೆ

ಹೊಳೆದಂಡೆಯ ಆಶ್ರಮದಲ್ಲಿ ಒಂದು ಆಸ್ಪತ್ರೆ. ಅಲ್ಲಿ ಗೌರಾಬಾಯಿ ಎಂಬ ಶಸ್ತ್ರವೈದ್ಯೆ ಶಿಷ್ಯರಿಗೆ ಕತ್ತರಿಸುವುದನ್ನೂ ಹೊಲಿಯುವುದನ್ನೂ ಕಲಿಸುತ್ತಿದ್ದರು.

ಶಿಷ್ಯ ನಿರಂಜನ, ಹರಿಗೋಲು ನಡೆಸುವ ಯಂಕಪ್ಪನ ಮೇದೋಜೀರಕ ಗ್ರಂಥಿಯ ಗಡ್ಡೆ ತೆಗೆದಿದ್ದ. ಗುರುವಿಲ್ಲದೆ ಮಾಡಿದ ಮೊದಲ ದೊಡ್ಡ ಆಪರೇಷನ್ ಅದು. ಹೊಲಿಗೆ ನೋಡಿದವರೆಲ್ಲ ಹೊಗಳಿದರು.

ಕೆಲವು ದಿನ ಕಳೆದ ಮೇಲೆ ಯಂಕಪ್ಪನಿಗೆ ಚಳಿಜ್ವರ ಬಂತು. ಹೊಟ್ಟೆಯಿಂದ ಹೊರಬಿಟ್ಟ ನಳಿಗೆಯಲ್ಲಿ ಕೀವು ಇಳಿಯತೊಡಗಿತು.

ನಿರಂಜನ ವಾರ್ಡಿಗೆ ಬಂದ. ಹಾಸಿಗೆಯ ಪಕ್ಕ ಯಂಕಪ್ಪನ ಹೆಂಡತಿ ದುರುಗಮ್ಮ ಕೂತಿದ್ದಳು. ಅವಳ ಕಾಲಿಗೆ ಹೊಳೆಯ ಕೆಸರು ಮೆತ್ತಿತ್ತು.

"ಕೈ ತೊಳೆದಿದ್ದೀಯೇನಮ್ಮ?"

"ತೊಳದೀನ್ರಿ ಯಪ್ಪಾ. ಹಣಿಮ್ಯಾಲೆ ಒದ್ದಿ ಬಟ್ಟಿ ಹಾಕೀನಿ, ಅಷ್ಟ."

"ಎಲ್ಲಿ ತೊಳೆದೆ, ಹೊಳೆಯಲ್ಲಾ? ನಿಮ್ಮ ಕೊಳಕೇ ಅವನನ್ನು ಕೊಲ್ಲುತ್ತಿರುವುದು. ಎದ್ದು ಹೊರಗೆ ನಡಿ!"

ದುರುಗಮ್ಮ ಗಂಡನ ಮುಖ ನೋಡಿದಳು. ಅವನು ಕಣ್ಣು ತೆರೆಯಲಿಲ್ಲ. ಅವಳು ಎದ್ದು ಹೋದಳು.

ಬಡವರ ಕಾಲಿನ ಕೆಸರು ಎಲ್ಲರ ಕಣ್ಣಿಗೂ ಬೇಗ ಬೀಳುತ್ತದೆ.

ಗುರು ಗೌರಾಬಾಯಿ ಬಂದರು. ನಳಿಗೆಯಲ್ಲಿ ಇಳಿದದ್ದನ್ನು ನೋಡಿದರು.

"ಕೆಸರುಗಾಲಲ್ಲೇ ಒಳಗೆ ಬರುತ್ತಾರಮ್ಮಾ," ಎಂದ ನಿರಂಜನ. "ಎಷ್ಟು ಹೇಳಿದರೂ ಅಷ್ಟೇ ಈ ಜನ."

"ಯಾವ ಜನ?"

"ಅದೇ... ಹೊಳೆಯವರು."

"ಸರಿ. ಅವಳ ಕಾಲು ಗಂಡನ ಹೊಟ್ಟೆಯೊಳಗೆ ಹೇಗೆ ಹೋಯಿತು, ಅದನ್ನು ಹೇಳು."

ನಿರಂಜನ ನಳಿಗೆಯ ಕಡೆ ನೋಡಿದ.

"ಪಿತ್ತನಾಳ ಕತ್ತರಿಸಿದಾಗ ಪಿತ್ತರಸ ಬಂತಲ್ಲ, ಲ್ಯಾಬಿಗೆ ಕಳಿಸಿದೆಯಾ?"

"ಇಲ್ಲಮ್ಮಾ. ಜೇನಿನ ಹಾಗೆ ತಿಳಿಯಾಗಿತ್ತು. ಹೀರಿ ತೆಗೆದು ಚೆಲ್ಲಿಬಿಟ್ಟೆ."

"ಆಂಟಿಬಯೋಟಿಕ್?"

"ಎಲ್ಲರಿಗೂ ಕೊಡುವುದೇ."

"ಗಡ್ಡೆ ಪಿತ್ತನಾಳವನ್ನು ಒತ್ತಿ ಕಾಮಾಲೆ ಬಂದಿತ್ತಲ್ಲ, ಅದು ಇಳಿಯಲಿ ಅಂತ ಮೊದಲೇ ಆ ನಾಳದಲ್ಲಿ ಒಂದು ಕೊಳವೆ ಇಟ್ಟಿದ್ದೆವು. ಅದೆಲ್ಲಿ?"

"ನನ್ನ ಮೇಜಿನ ಮೇಲಿದೆ. ಮೊದಲ ಆಪರೇಷನ್ನಿನ ನೆನಪಿಗೆ ಅಂತ ತೊಳೆದು ಸೀಸೆಯಲ್ಲಿ ಇಟ್ಟುಕೊಂಡಿದ್ದೇನೆ."

"ಪದಕ ಅಂದುಕೊಂಡೆಯಾ? ತಾ ಇಲ್ಲಿ."

ಅವನು ತಂದ. ಬೆರಳುದ್ದದ ಪ್ಲಾಸ್ಟಿಕ್ ಕೊಳವೆ ಹೊರಗಿನಿಂದ ಹೊಸದರ ಹಾಗೆ ಹೊಳೆಯುತ್ತಿತ್ತು. ಗುರು ಅವನ ಕೈಗೆ ಬ್ಲೇಡು ಕೊಟ್ಟರು.

"ಉದ್ದಕ್ಕೆ ಸೀಳು."

ಸೀಳಿದ. ಒಳಗೆಲ್ಲ ಕಂದು ಗಸಿ ಕಚ್ಚಿಕೊಂಡಿತ್ತು. ನಾತ ಎದ್ದಿತು. ಗಸಿ ಅವನ ಬೆರಳಿಗೂ ಮೆತ್ತಿತು. ಅವನು ಮುಖ ತಿರುಗಿಸಿದ.

"ತಿರುಗಿಸಬೇಡ, ನೋಡು. ಇದು ಯಾರ ಕಾಲಿನ ಕೆಸರು?"

ಅವನು ಸೀಳಿದ ಕೊಳವೆಯನ್ನು ಬೆಳಕಿಗೆ ಹಿಡಿದ.

"ಕರುಳಿನ ಬ್ಯಾಕ್ಟೀರಿಯಾ ಈ ಕೊಳವೆ ಹಿಡಿದು ಪಿತ್ತನಾಳಕ್ಕೆ ಹತ್ತಿದವು. ದಾರಿ ಹಾಕಿಕೊಟ್ಟವರು ನಾವು. ನೀನು ನಾಳ ಕತ್ತರಿಸಿದಾಗ ಹೊಟ್ಟೆಯೊಳಗೆ ಚೆಲ್ಲಿದವು. ಅವು ಯಾವವು, ಯಾವ ಮದ್ದಿಗೆ ಸಾಯುತ್ತವೆ ಅಂತ ಆ ಪಿತ್ತರಸವೇ ಹೇಳುತ್ತಿತ್ತು. ನೀನು ಕೇಳಲಿಲ್ಲ."

"ಹಾಗಾದರೆ ಕೊಳವೆ ಇಟ್ಟದ್ದೇ ತಪ್ಪಾ, ಅಮ್ಮಾ?"

"ಇಡದಿದ್ದರೆ ಆಪರೇಷನ್ ತನಕ ಅವನು ಉಳಿಯುತ್ತಿರಲಿಲ್ಲ. ಇಟ್ಟವರಿಗೆ ಅದು ದಾರಿಯೂ ಆಗುತ್ತದೆ ಅನ್ನುವುದು ನೆನಪಿರಬೇಕಿತ್ತು."

ಗುರು ಕೀವನ್ನು ಲ್ಯಾಬಿಗೆ ಕಳಿಸಿದರು. ಅಲ್ಲಿಂದ ಉತ್ತರ ಬರುವವರೆಗೆ ಕಾಯದೆ ಬೇರೆ ಮದ್ದು ಹಾಕಿಸಿದರು. ಯಂಕಪ್ಪನ ತುಟಿ ಒಣಗಿತ್ತು. ಹಣೆಯ ಮೇಲಿನ ಬಟ್ಟೆಯೂ ಒಣಗಿತ್ತು. ಅದನ್ನು ಮತ್ತೆ ಒದ್ದೆ ಮಾಡುವವರು ಯಾರೂ ಅಲ್ಲಿರಲಿಲ್ಲ.

"ಬದುಕುತ್ತಾನಾ?" ಎಂದು ಕೇಳಿದ ನಿರಂಜನ.

"ಗೊತ್ತಿಲ್ಲ. ತಡವಾಗಿದೆ. ಕಣ್ಣು ತೆರೆದರೆ ಅವನು ಯಾರನ್ನು ಹುಡುಕುತ್ತಾನೆ?"

ನಿರಂಜನ ಕಿಟಕಿಯಿಂದ ನೋಡಿದ. ದುರುಗಮ್ಮ ಅಂಗಳದ ನಲ್ಲಿಯ ಕೆಳಗೆ ಕೈ ಒಡ್ಡಿ ಉಜ್ಜುತ್ತಿದ್ದಳು. ನಿಲ್ಲಿಸುತ್ತಿದ್ದಳು, ಅಂಗೈ ತಿರುಗಿಸಿ ನೋಡಿಕೊಳ್ಳುತ್ತಿದ್ದಳು, ಮತ್ತೆ ಉಜ್ಜುತ್ತಿದ್ದಳು.

ಅವನು ಕಿಟಕಿ ಬಿಟ್ಟು ತಿರುಗಿದ. "ಕರೆದುಕೊಂಡು ಬರುತ್ತೇನೆ. ತಪ್ಪು ನನ್ನದು ಅಂತ ಅವಳಿಗೆ ಹೇಳುತ್ತೇನೆ."

ಅವನು ಬಾಗಿಲ ಕಡೆ ಓಡಿದ. ಸೀಳಿದ ಕೊಳವೆ ಇನ್ನೂ ಅವನ ಮುಷ್ಟಿಯಲ್ಲೇ ಇತ್ತು.

"ನಿಲ್ಲು," ಎಂದರು ಗುರು.

"ಏನಮ್ಮಾ?"

"ಅವಳ ಹತ್ತಿರ ಹೋಗುವ ಮೊದಲು ಕೈ ತೊಳೆ."