ಅಜ್ಜಾರ ಜಪಾನಿ ಲೋಟ

ಹೊಳೆಯ ದಂಡೆಯ ಮಠಕ್ಕೆ ಆರು ಗಾಜಿನ ಲೋಟ ಬಂದ ದಿನದಿಂದ ಅಡಿವೆಯ್ಯನ ಸಿಟ್ಟು ಇಳಿದಿರಲಿಲ್ಲ.

ಲೋಟಗಳ ಮೇಲಿನ ಸಿಟ್ಟಲ್ಲ, ಅಜ್ಜಾರ ಮೇಲಿನದು. ಗುರುವಿನ ಮೇಲೆ ಸಿಟ್ಟಾಗುವುದು ಶಿಷ್ಯನಿಗೆ ಸಲ್ಲದು. ಹಾಗಾಗಿ ಅವನು ಅದಕ್ಕೆ ಭಕ್ತಿ ಎಂದು ಹೆಸರಿಟ್ಟುಕೊಂಡಿದ್ದ.

ಲೋಟ ತಂದವಳು ಭಕ್ತರ ಮನೆಯ ಮಗಳು, ಜಪಾನಿಗೆ ಹೋಗಿ ಬಂದವಳು. ಅಲ್ಲಿ ಒಬ್ಬ ಮುದುಕ ಉದ್ದನೆಯ ಕೊಳವೆಯ ತುದಿಗೆ ಕರಗಿದ ಗಾಜು ಹಿಡಿದು, ಉಸಿರು ಊದಿ ಒಂದೊಂದಾಗಿ ಮಾಡಿದ್ದ. ಈರುಳ್ಳಿ ಸಿಪ್ಪೆಯಷ್ಟು ತೆಳು. ಒಂದರ ಹಾಗೆ ಇನ್ನೊಂದಿಲ್ಲ.

ಅಜ್ಜಾರು ಒಂದರಲ್ಲಿ ಮಜ್ಜಿಗೆ ಕುಡಿದು ನೋಡಿದರು.

“ತುಟಿಗೆ ಗಾಜು ಹತ್ತೂದ ಇಲ್ಲಲ್ಲ ತಂಗಿ. ಬರೇ ಮಜ್ಜಿಗಿ ಹತ್ತತೈತಿ. ಮಾಡಿದವ ಏನಂದ?”

“ದಿನಾ ಬಳಸ್ರಿ ಅಂದ್ರು, ಅಜ್ಜಾರ. ಕಪಾಟಿನ್ಯಾಗ ಇಟ್ರ ನನ್ನ ಉಸರು ದಂಡ ಅಂದ್ರು.”

“ಶಾಣ್ಯಾ ಮನುಷ್ಯ. ಅಡಿವೆಯ್ಯಾ, ಇವನ್ನ ದಾಸೋಹದ ಲೋಟದ ಜೋಡಿ ಇಡು.”

ಅಡಿವೆಯ್ಯ ಮಠದ ಉಗ್ರಾಣ ನೋಡಿಕೊಳ್ಳುವವನು. ಐದನ್ನು ಪೂಜೆಯ ಕಪಾಟಿನಲ್ಲಿಟ್ಟು ಕೀಲಿ ಹಾಕಿದ. ಆರನೆಯದಕ್ಕೆ ವಿಭೂತಿ ಹಚ್ಚಿ ಅಜ್ಜಾರಿಗೆಂದು ಮೀಸಲಿಟ್ಟ. ಉಳಿದವು ಎಲ್ಲಿ ಎಂದು ಅಜ್ಜಾರು ಕೇಳಿದಾಗಲೆಲ್ಲ, ತೊಳೆಯಲು ಹಾಕಿದೆ ಎಂದ. ಗುರುವಿನ ಮಾತನ್ನು ಹೀಗೆ ಮೀರಲು ಎಷ್ಟು ಗುರುಭಕ್ತಿ ಬೇಕು ಎಂಬುದು ಉಗ್ರಾಣ ಕಾಯದವರಿಗೆ ತಿಳಿಯುವುದಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಕುರಿ ಕಾಯುವ ಯಮನೂರಪ್ಪ ಬಿಸಿಲಲ್ಲಿ ಬಸವಳಿದು ಬಂದ. ಅಜ್ಜಾರು ಅವನ ಕೈ ಹಿಡಿದು ಕಟ್ಟೆಯ ಮೇಲೆ ಕೂರಿಸಿದರು. ತಮ್ಮ ಲೋಟಕ್ಕೇ ನೀರು ತುಂಬಿ ಕೊಟ್ಟರು.

ಅವನು ಲೋಟವನ್ನು ಮೇಲೆತ್ತಿ ಬಾಯಿಗೆ ಸುರಿದುಕೊಳ್ಳಲು ಹೋದ.

“ಕಚ್ಚಿ ಕುಡಿಯಪ್ಪಾ,” ಎಂದರು ಅಜ್ಜಾರು. “ಅದಕ್ಕಂತನ ಮಾಡ್ಯಾರ.”

ಯಮನೂರಪ್ಪ ಲೋಟಕ್ಕೆ ತುಟಿ ಹಚ್ಚಿ, ಕಚ್ಚಿ ಕುಡಿದ.

ಅಡಿವೆಯ್ಯ ಖಾಲಿ ಲೋಟವನ್ನು ಎರಡೇ ಬೆರಳಲ್ಲಿ ಹಿಡಿದು ಹಿತ್ತಲಿಗೆ ಒಯ್ದ. ಅಲ್ಲಿ ಫಕ್ಕೀರವ್ವ ಪಾತ್ರೆ ತಿಕ್ಕುತ್ತಿದ್ದಳು. ಇಪ್ಪತ್ತೆರಡು ವರ್ಷದಿಂದ ಅದೇ ಅವಳ ಸೇವೆ.

“ಇದಕ್ಕ ಕುದಿಯೋ ನೀರು ಹಾಕು. ಶುದ್ಧ ಆಗಬೇಕು.”

“ತೆಳು ಐತ್ರಿ ಅಯ್ಯಾರ. ಸುಡುನೀರಿಗೆ ತಡಿಯೂದಿಲ್ಲ.”

“ಗಾಜಿನ ವಿದ್ಯಾ ನಿನಗ ಯಾರು ಕಲಿಸಿದ್ರು? ಹೇಳಿದಷ್ಟು ಮಾಡು.”

ಅವಳು ಹಂಡೆಯಿಂದ ಒಂದು ಚೊಂಬು ನೀರೆತ್ತಿ ಸುರಿದಳು. ಟಕ್ ಎಂದಿತು. ಲೋಟ ಎರಡು ತುಂಡಾಯಿತು.

ಮಧ್ಯಾಹ್ನ ದಾಸೋಹದ ಪಂಕ್ತಿಯಲ್ಲಿ ನೂರು ಮಂದಿ ಉಣ್ಣುತ್ತಿದ್ದರು. ಅಜ್ಜಾರು ಒಳಗೆ ಕೋಣೆಯಲ್ಲಿದ್ದರು. ಅಡಿವೆಯ್ಯ ನಡುವೆ ನಿಂತು ಸಾರಿದ: ಫಕ್ಕೀರವ್ವನ ಕೈಜಾರಿ ಅಜ್ಜಾರ ಲೋಟ ಬಿದ್ದು ಒಡೆದಿದೆ, ನಾಳೆಯಿಂದ ಅವಳ ಸೇವೆ ಬೇಡ.

ಫಕ್ಕೀರವ್ವ ಅಂದಿನ ಪಾತ್ರೆಗಳನ್ನೆಲ್ಲ ತಿಕ್ಕಿ, ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ಮನೆಗೆ ಹೋದಳು.

ಸಂಜೆ ಅಜ್ಜಾರು ತುಂಡುಗಳನ್ನು ತರಿಸಿಕೊಂಡರು.

“ಇದು ಬಿತ್ತಾ?”

“ಹೂನ್ರಿ. ಕಲ್ಲಿನ ಮ್ಯಾಲೆ.”

“ಕಲ್ಲಿನ ಮ್ಯಾಲೆ ಬಿದ್ದ ಗಾಜು ಬಳಿಯಾಕ ಕಸಬರಿಗಿ ಬೇಕು. ಇದು ಎರಡ ತುಂಡು. ಸೀಳೇತಿ. ಸುಡುನೀರು ಹಾಕಿದವರು ಯಾರು?”

“ಫಕ್ಕೀರವ್ವ.”

“ಹಾಕು ಅಂದವರು?”

ಅಡಿವೆಯ್ಯ ಹೊಳೆಯ ಕಡೆ ನೋಡಿದ. ಹೊಳೆ ಅವನ ಪರವಾಗಿ ಏನೂ ಹೇಳಲಿಲ್ಲ.

“ಯಮನೂರಪ್ಪ ಕಚ್ಚಿ ಕುಡದಿದ್ದ, ಅಜ್ಜಾರ. ನೀವು ಕುಡಿಯೋ ಲೋಟ.”

ಅಜ್ಜಾರ ದನಿ ಏರಿತು. ಹನ್ನೊಂದು ವರ್ಷದಲ್ಲಿ ಅವರ ಸಿಟ್ಟನ್ನು ಶಿಷ್ಯ ಕಂಡಿರಲಿಲ್ಲ.

“ಅವನ ಕೈ ಹಿಡದು ಕೂಡ್ರಿಸಿದವ ನಾನು. ನನ್ನ ಮ್ಯಾಲೂ ಒಂದು ಹಂಡೆ ಸುಡುನೀರು ಸುರೀಬೇಕಿತ್ತಲ್ಲ. ಯಾಕ ಬಿಟ್ಟಿ?”

ಅವರು ಎದ್ದು ಹಿತ್ತಲಿಗೆ ನಡೆದರು. ಪಾತ್ರೆ ತಿಕ್ಕುವ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಬೂದಿ ತೆಗೆದುಕೊಂಡು, ರಾತ್ರಿಯ ಅಡುಗೆಗೆ ಬೇಕಾದ ಕೊಪ್ಪರಿಗೆಗೆ ಕೈ ಹಾಕಿದರು.

“ಏಳ್ರಿ ಅಜ್ಜಾರ. ಮಂದಿ ನೋಡ್ತಾರ.”

“ನೋಡ್ಲಿ. ಫಕ್ಕೀರವ್ವ ಬರೂತನಕ ಈ ಕಲ್ಲ ನನ್ನ ಗದ್ದಿಗಿ.”

ಅಡಿವೆಯ್ಯ ಅವಳ ಮನೆಗೆ ಓಡಿದ. ಅವಳು ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ಕಣ್ಣೆತ್ತಲಿಲ್ಲ.

“ಬಾ ಫಕ್ಕೀರವ್ವಾ, ಅಜ್ಜಾರು ಕರೀತಾರ.”

“ಅಜ್ಜಾರು ಕರೀತಾರೋ, ನೀವು ಕರೀತೀರೋ?”

“ಇಬ್ಬರೂ.”

“ನೀವ್ಯಾಕ ಕರೀತೀರಿ? ನನ್ನ ಕೈ ಜಾರತೈತಲ್ರಿ.”

“ಆತು, ತಪ್ಪು ನಂದು. ಸಾಕಲ್ಲ?”

“ಇಲ್ಲಿ ಯಾರದಾರ್ರಿ ಕೇಳಾಕ? ನಾನು, ಒಂದು ಕೋಳಿ. ಕೋಳಿಗಿ ಮೊದಲ ಗೊತ್ತೈತಿ.” ಅವಳು ಒಂದು ಕಲ್ಲು ಆರಿಸಿ ಎಸೆದಳು. “ಇಪ್ಪತ್ತೆರಡು ವರ್ಷ ಒಂದು ಚಮಚಾ ಕಳದಿಲ್ಲ. ಯಾವ ಪಂಕ್ತಿಯೊಳಗ ನನ್ನ ಹೆಸರು ತಗದ್ರಿ, ಅದ ಪಂಕ್ತಿಯೊಳಗ ನಿಮ್ಮ ಹೆಸರು ಹೇಳ್ರಿ. ಆಮ್ಯಾಲೆ ಸೇವಾಕ್ಕ ಬರ್ತೀನಿ.”

ಮರುದಿನ ಮಧ್ಯಾಹ್ನದ ಹೊತ್ತಿಗೆ ಅಜ್ಜಾರ ಕೈಗೆ ಮೊಣಕೈವರೆಗೆ ಬೂದಿ ಮೆತ್ತಿತ್ತು. ಭಕ್ತರು ಬಂದು ಅಲ್ಲೇ ಅಡ್ಡಬಿದ್ದು ಹೋಗುತ್ತಿದ್ದರು. ಇಬ್ಬರು ಆ ಬೂದಿಯನ್ನು ಹಣೆಗೆ ಹಚ್ಚಿಕೊಂಡರು. ಅಜ್ಜಾರು ಅವರ ಕೈಗೂ ಒಂದೊಂದು ಪಾತ್ರೆ ಕೊಟ್ಟರು.

ಪಂಕ್ತಿ ಕೂತಿತು. ಸಾರಿನ ಸೌಟು ಹಿಡಿದ ಅಡಿವೆಯ್ಯನಿಗೆ ಮೂರನೆಯ ಸಾಲಿನಲ್ಲಿ ಫಕ್ಕೀರವ್ವ ಕಂಡಳು. ಉಳಿದವರೆಲ್ಲ ಉಂಡ ಮೇಲೆ ಹಿತ್ತಲಲ್ಲಿ ಉಣ್ಣುತ್ತಿದ್ದವಳು, ಇಂದು ಎಲ್ಲರ ನಡುವೆ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಳು. ಮೂರು ತಟ್ಟೆ ಆಚೆ ಯಮನೂರಪ್ಪನೂ ಇದ್ದ.

ಅಡಿವೆಯ್ಯ ಸೌಟು ಕೆಳಗಿಟ್ಟ.

“ಲೋಟ ಬೀಳಲಿಲ್ಲ. ಸುಡುನೀರಿಗೆ ಸೀಳಿತು. ಬ್ಯಾಡ ಅಂತ ಫಕ್ಕೀರವ್ವ ಹೇಳಿದ್ಲು. ಹಾಕಿಸಿದವ ನಾನು. ಸುಳ್ಳು ಹೇಳಿದವನೂ ನಾನು.”

ರೊಟ್ಟಿ ಮುರಿಯುವ ಸದ್ದು ನಿಂತಿತು.

“ಸುಡುನೀರು ಯಾಕ ಹಾಕಿಸಿದ್ರಿ?” ಯಾರೋ ಮುದುಕ ಕೇಳಿದ.

ಅಡಿವೆಯ್ಯ ಯಮನೂರಪ್ಪನನ್ನು ನೋಡಿದ. ಅದನ್ನೂ ಹೇಳಿದ. ಯಮನೂರಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಮರಳಿ ಇಟ್ಟ.



“ಅಯ್ಯಾರ,” ಎಂದಳು ಫಕ್ಕೀರವ್ವ. “ನೀರು ಕೊಡ್ರಿ. ಕಾಸಿ ತರಬ್ಯಾಡ್ರಿ ಮತ್ತ.”

ಅಡಿವೆಯ್ಯ ಕಪಾಟಿನ ಕೀಲಿ ತೆಗೆದ. ಒಂದು ಜಪಾನಿ ಲೋಟಕ್ಕೆ ಹೊಳೆಯ ತಣ್ಣೀರು ತುಂಬಿ ತಂದು ಅವಳ ಮುಂದೆ ಹಿಡಿದ. ಅವಳು ಕಚ್ಚಿಯೇ ಕುಡಿದಳು, ಆತುರವಿಲ್ಲದೆ, ಪೂರ್ತಿ. ಖಾಲಿ ಲೋಟವನ್ನು ಅವನ ಕೈಗೆ ಕೊಟ್ಟು ಊಟಕ್ಕೆ ಬಗ್ಗಿದಳು.

ಬಾಗಿಲಲ್ಲಿ ಅಜ್ಜಾರು ನಿಂತಿದ್ದರು.

“ಅಜ್ಜಾರ,” ಎಂದ ಅಡಿವೆಯ್ಯ, ಲೋಟ ಹಿಡಿದುಕೊಂಡೇ. “ಇದನ್ನ ಈಗ ಎಲ್ಲಿಡ್ಲಿ?”

“ಪಂಕ್ತಿಯೊಳಗ ಇನ್ನ ಯಾರಿಗೆ ನೀರಡಿಕಿ ಆಗೈತಿ, ಕೇಳು.”