ಬೆಂಗಾವಲಿನವನ ಎಣ್ಣೆ

“ಗುರುಗಳೇ, ನಿಷ್ಠೆಯನ್ನು ಕಲಿಸುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಕೇಳಿದವನು ಚಿಕ್ಕವನಲ್ಲ. ಹೆಸರು ಚನ್ನವೀರ. ವಾಯುಸೇನೆಯ ಅಧಿಕಾರಿ. ಯುದ್ಧವಿಮಾನ ಹಾರಿಸುವುದನ್ನು ಹೊಸಬರಿಗೆ ಕಲಿಸುವ ಶಾಲೆಯೊಂದರ ಮುಖ್ಯಸ್ಥ. ವರ್ಷಕ್ಕೊಮ್ಮೆ ರಜೆಯಲ್ಲಿ ಆಶ್ರಮಕ್ಕೆ ಬಂದು ಒಂದು ದಿನ ಇದ್ದು ಹೋಗುವುದು ಅವನ ಪದ್ಧತಿ. ಈ ಸಲ ಬಂದಾಗ ಅವನ ಜೇಬಿನಲ್ಲಿ ಒಂದು ಕಾಗದವಿತ್ತು. ಅದಕ್ಕೆ ಸಹಿ ಮಾತ್ರ ಬಾಕಿಯಿತ್ತು.

“ಯಾರಿಗೆ ಕಲಿಸಬೇಕಾಗಿದೆ?” ಎಂದರು ಗುರುಗಳು. ಅವರು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು.

“ನನ್ನ ಶಾಲೆಯವರಿಗೆ. ಹೋದ ವಾರ ಒಬ್ಬ ತನ್ನ ಮುಂದಾಳನ್ನು ಆಕಾಶದಲ್ಲೇ ಬಿಟ್ಟು ಹಿಂದಿರುಗಿಬಿಟ್ಟ. ಇಂಧನ ಸಾಲದು ಎಂದನಂತೆ. ಮುಂದಾಳು ‘ಬಾ’ ಎಂದ. ಇವನು ಹೋಗಲಿಲ್ಲ. ಅಭ್ಯಾಸದಲ್ಲೇ ಹೀಗೆ ಮಾಡುವವನು ಯುದ್ಧದಲ್ಲಿ ಏನು ಮಾಡಿಯಾನು? ಅವನನ್ನು ಸೇನೆಯಿಂದ ತೆಗೆಯಬೇಕೆಂದು ಬರೆದಿದ್ದೇನೆ. ಸಹಿ ಹಾಕುವ ಮೊದಲು ತಮ್ಮ ಮಾತು ಕೇಳೋಣವೆಂದು ಬಂದೆ.”

“ಅವನಲ್ಲಿ ಎಣ್ಣೆ ಎಷ್ಟು ಉಳಿದಿದೆ ಎಂದು ಮುಂದಾಳು ಕೇಳಿದನೇ?”

“ಅದು ಇಲ್ಲಿ ಮುಖ್ಯವಲ್ಲ, ಗುರುಗಳೇ.”

ಗುರುಗಳ ಕೈ ನಿಂತಿತು.

ಸನ್ಯಾಸಿಗಳು ಪೂರ್ವಾಶ್ರಮದ ಮಾತನ್ನು ಆಡುವುದಿಲ್ಲ. ಕಾವಿ ಉಡುವ ಮೊದಲು ಈ ಗುರುಗಳು ಏನಾಗಿದ್ದರು, ಯಾವ ಕೆಲಸದಲ್ಲಿದ್ದರು ಎಂಬುದು ಆಶ್ರಮದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರೂ ಇಪ್ಪತ್ತಾರು ವರ್ಷಗಳಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಅವರು ಮೊರವನ್ನು ಪಕ್ಕಕ್ಕೆ ಸರಿಸಿ, ಒಂದು ಕತೆ ಹೇಳುತ್ತೇನೆ ಎಂದರು.

ಅದು ಯುದ್ಧದ ಕಾಲ. ಒಂದು ವಿಮಾನನೆಲೆಯಲ್ಲಿ ಒಬ್ಬ ಫಿಟ್ಟರ್ ಇದ್ದ. ಎರಡು ವಿಮಾನಗಳ ಹೊಣೆ ಅವನದು. ಹಾರುವ ಮೊದಲು ಇಂಧನ ತುಂಬಬೇಕು. ಬಂದೂಕುಗಳ ಬಾಯಿಗೆ ಧೂಳು ಹೋಗದಂತೆ ಬಟ್ಟೆಯ ತುಂಡು ಅಂಟಿಸಬೇಕು. ಮೊದಲ ಗುಂಡಿಗೆ ಆ ಬಟ್ಟೆ ಹರಿದುಹೋಗುತ್ತದೆ. ವಿಮಾನ ಇಳಿದ ಮೇಲೆ ಟ್ಯಾಂಕಿಗೆ ಅಳತೆಯ ಕೋಲು ಇಳಿಸಿ, ಎಷ್ಟು ಉಳಿದಿದೆ ಎಂದು ನೋಡಬೇಕು. ಶೆಡ್ಡಿನವರು ಇಂಧನ ಎನ್ನುತ್ತಿರಲಿಲ್ಲ, ಎಣ್ಣೆ ಎನ್ನುತ್ತಿದ್ದರು.

ಆ ಎರಡು ವಿಮಾನಗಳು ಯಾವಾಗಲೂ ಜೋಡಿಯಾಗಿ ಹಾರುತ್ತಿದ್ದವು. ಮುಂದೆ ಹಾರುವವನು ಮುಂದಾಳು. ಹಿಂದೆ, ತುಸು ಪಕ್ಕಕ್ಕೆ ಹಾರುವವನು ಬೆಂಗಾವಲಿನವನು. ಮುಂದಾಳು ಶತ್ರುವನ್ನು ಹುಡುಕುತ್ತಾನೆ, ಅಟ್ಟುತ್ತಾನೆ, ಹೊಡೆಯುತ್ತಾನೆ. ಅವನು ನಿಶ್ಚಿಂತೆಯಿಂದ ಮುಂದೆ ನೋಡಬೇಕಾದರೆ ಅವನ ಹಿಂದೆ ಇನ್ನೊಬ್ಬ ನೋಡುತ್ತಿರಬೇಕು. ಬೆಂಗಾವಲು ಎಂದರೆ ಬೆನ್ನಿನ ಕಾವಲು. ಕಾಯುವವನ ಬೆನ್ನಿಗೆ ಮಾತ್ರ ಯಾರೂ ಇರುವುದಿಲ್ಲ.

ಮುಂದಾಳು ಶೂರನೇ. ಅದನ್ನು ಮುಚ್ಚಿಡಬೇಕಾಗಿಲ್ಲ. ಐದು ಶತ್ರುವಿಮಾನಗಳನ್ನು ಕೆಡವಿದ್ದ. ಬೇರೆಯವರು ಹಿಂಜರಿಯುವ ಕಡೆಗೆ ನಗುತ್ತ ಹೋಗಿ ನಗುತ್ತ ಬರುತ್ತಿದ್ದ. ಬೆಂಗಾವಲಿನವನಿಗೆ ಇಪ್ಪತ್ತೆರಡು ವರ್ಷ. ಅವನು ಒಂದನ್ನೂ ಕೆಡವಿರಲಿಲ್ಲ. ಒಂದು ಗುಂಡನ್ನೂ ಹಾರಿಸಿರಲಿಲ್ಲ. ಹಿಂದಕ್ಕೆ ತಿರುಗಿ ತಿರುಗಿ ನೋಡಿ ಅವನ ಕುತ್ತಿಗೆ ಕಾಲರಿಗೆ ಉಜ್ಜಿ ಹುಣ್ಣಾಗಿತ್ತು. ಇಳಿದ ಮೇಲೆ ಫಿಟ್ಟರ್ ಅದಕ್ಕೆ ಕೊಬ್ಬರಿ ಎಣ್ಣೆ ಸವರುತ್ತಿದ್ದ.

“ಏನು ಸಾರ್, ನಿಮ್ಮ ಬಂದೂಕಿನ ಬಟ್ಟೆ ಈ ಸಲವೂ ಹರಿದಿಲ್ಲ. ಒಗೆಸಿ ಇಸ್ತ್ರಿ ಮಾಡಿಸಲೇ?” ಎಂದು ಫಿಟ್ಟರ್ ರೇಗಿಸುತ್ತಿದ್ದ.

“ನೀನೇ ಇಟ್ಟುಕೋ ಮಾರಾಯ. ಮುಂದೆ ಮಗುವಾದರೆ ಕುಲಾವಿ ಹೊಲಿಸು. ಯುದ್ಧ ಮಾಡುವವರು ಅವರು, ನಾನು ಬರೀ ಕುತ್ತಿಗೆ.”

ಫಿಟ್ಟರಿಗೆ ಒಂದು ವಿಷಯ ಗೊತ್ತಿತ್ತು. ಇಬ್ಬರಿಗೂ ಕಂಠಪೂರ್ತಿ ತುಂಬಿ ಕಳಿಸಿದರೂ, ಇಳಿದಾಗ ಬೆಂಗಾವಲಿನವನ ಟ್ಯಾಂಕಿನಲ್ಲಿ ಕಡಿಮೆ ಇರುತ್ತಿತ್ತು. ಪ್ರತಿ ದಿನವೂ ಹಾಗೆಯೇ. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಕಣದಲ್ಲಿ ಮೇಟಿ ಕಂಬದ ಸುತ್ತ ತೆನೆ ತುಳಿಯುವ ಎತ್ತುಗಳಲ್ಲಿ ಹೊರಗಿನ ಎತ್ತಿಗೆ ನಡಿಗೆ ಹೆಚ್ಚು. ಮುಂದಾಳು ತನಗೆ ಬೇಕಾದ ಕಡೆ ತಿರುಗುತ್ತಾನೆ. ಹಿಂದಿನವನು ತನ್ನ ಜಾಗ ತಪ್ಪದಂತೆ ಒಮ್ಮೆ ವೇಗ ಏರಿಸಿ, ಒಮ್ಮೆ ಇಳಿಸಿ, ಸುತ್ತಿ ಬಳಸಿ ಬರಬೇಕು. ಅದಕ್ಕಾಗಿಯೇ ಒಂದು ನಿಯಮವಿತ್ತು. ಯಾವಾಗ ಹಿಂದಿರುಗಬೇಕೆಂಬುದನ್ನು ಮುಂದಾಳು ತನ್ನ ಇಂಧನದ ಮುಳ್ಳು ನೋಡಿ ತೀರ್ಮಾನಿಸಬಾರದು. ಹಿಂದಿನವನನ್ನು ಕೇಳಿ ತೀರ್ಮಾನಿಸಬೇಕು.

“ಒಮ್ಮೆ ಅವರಿಗೆ ನೆನಪು ಮಾಡಿ ಸಾರ್,” ಎಂದು ಫಿಟ್ಟರ್ ಒಂದು ದಿನ ಹೇಳಿದ. “ಅವರು ಕೇಳುವುದೇ ಇಲ್ಲ.”

“ಮಾಡಿದೆ. ಊಟದ ಮನೆಯಲ್ಲಿ ಎಲ್ಲರೂ ಇದ್ದಾಗ. ನಿನ್ನ ಸಹವಾಸದಿಂದ ಬಾಯಿ ತಪ್ಪಿ ಎಣ್ಣೆ ಎಂದುಬಿಟ್ಟೆ. ‘ಎಣ್ಣೆ ನೋಡಿಕೊಂಡು ಕೂರುವವನು ಗಾಣ ಇಟ್ಟುಕೊಳ್ಳಲಿ, ವಿಮಾನ ಯಾಕೆ?’ ಎಂದರು. ಸಾರು ಬಡಿಸುವವನೂ ನಕ್ಕ.”

ಹೇಳುತ್ತ ಬೆಂಗಾವಲಿನವನೂ ನಕ್ಕುಬಿಟ್ಟ. ಆ ಮೇಲೆ ಆ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಅದೊಂದು ಎಲ್ಲ ದಿನಗಳಂಥ ದಿನ. ಬೆಳಗಿನ ತಿಂಡಿಗೆ ಉಪ್ಪಿಟ್ಟು. ಉಪ್ಪು ಹೆಚ್ಚಾಗಿದೆ ಎಂದು ಎಲ್ಲರೂ ಅಡುಗೆಯವನನ್ನು ಬೈದರು. ಫಿಟ್ಟರ್ ಎರಡೂ ಟ್ಯಾಂಕುಗಳನ್ನು ತುಂಬಿದ. ಬಟ್ಟೆ ಅಂಟಿಸಿದ. ಎಂಟೂವರೆಗೆ ಇಬ್ಬರೂ ಹಾರಿದರು.

ನಿಯಂತ್ರಣ ಕೋಣೆಯ ಕಿಟಕಿಯ ಹೊರಗೆ ನಿಂತರೆ ಒಳಗಿನ ರೇಡಿಯೋದಲ್ಲಿ ಹಾರುವವರ ಮಾತು ಕೇಳಿಸುತ್ತಿತ್ತು. ಕೆಲಸವಿಲ್ಲದ ಹೊತ್ತಿನಲ್ಲಿ ಶೆಡ್ಡಿನವರು ಅಲ್ಲಿ ನಿಲ್ಲುತ್ತಿದ್ದರು. ಅವತ್ತು ಐದಾರು ಜನ ನಿಂತಿದ್ದರು. ಫಿಟ್ಟರನೂ ಇದ್ದ.

ಗಡಿಯ ಮೇಲೆ ಸುತ್ತು ಮುಗಿಸಿ ಇಬ್ಬರೂ ನೆಲೆಯ ಕಡೆ ತಿರುಗಿದ್ದರು. ಆಗ ಮುಂದಾಳಿಗೆ ದೂರದಲ್ಲಿ ಒಂದು ಶತ್ರುವಿಮಾನ ಕಂಡಿತು. ಬೇರೆ ಯಾರಿಂದಲೋ ಪೆಟ್ಟು ತಿಂದು ಹೊಗೆ ಬಿಡುತ್ತ, ಕೆಳಕೆಳಗೆ ಇಳಿಯುತ್ತ ಹೋಗುತ್ತಿತ್ತು. ಬಿಟ್ಟಿದ್ದರೂ ಅದು ತನ್ನ ನೆಲೆ ಮುಟ್ಟುತ್ತಿರಲಿಲ್ಲ. ಅದನ್ನು ಹೊಡೆಯಲು ಶೌರ್ಯ ಬೇಕಾಗಿರಲಿಲ್ಲ.

“ಕುಂಟನೊಬ್ಬ ಸಿಕ್ಕಿದ್ದಾನೆ. ಆರನೆಯದು. ಹಿಂದೆ ಬಾ.”

“ಇಂಧನ ಕಡಿಮೆಯಿದೆ, ಸಾರ್.”

“ನನ್ನಲ್ಲಿದೆ.”

ಅಷ್ಟೇ ಮಾತು. ಆ ಮೇಲೆ ರೇಡಿಯೋದಲ್ಲಿ ಬರೀ ಗರಗರ.

ಫಿಟ್ಟರ್ ಕಿಟಕಿಯ ಸರಳು ಹಿಡಿದುಕೊಂಡು ನಿಂತ. ಅವನಿಗೆ ಎರಡೂ ಟ್ಯಾಂಕುಗಳ ಅಂದಾಜು ಇತ್ತು. ಬೆಂಗಾವಲಿನವನು ಈಗ ತಿರುಗಿದರೆ ನೆಲೆ ತಲುಪುತ್ತಾನೆ, ಆದರೆ ಮುಂದಾಳಿನ ಬೆನ್ನು ಬರಿದಾಗುತ್ತದೆ. ತಿರುಗದೆ ಹೋದರೆ ಮುಂದಾಳು ಮಾತ್ರ ತಲುಪುತ್ತಾನೆ. ಇದು ಮೇಲೆ ಹಾರುತ್ತಿರುವ ಬೆಂಗಾವಲಿನವನಿಗೂ ಗೊತ್ತು. ಅವನು ತಿರುಗಲಿಲ್ಲ.

ನಾಲ್ಕು ನಿಮಿಷ ಅಟ್ಟಿದರು. ನಾಲ್ಕು ನಿಮಿಷ ಹೋದ ದಾರಿಯನ್ನು ಮತ್ತೆ ನಾಲ್ಕು ನಿಮಿಷ ಹಿಂದೆ ಬರಬೇಕು. ಮುಂದಾಳು ಕುಂಟನನ್ನು ಕೆಡವಿದ. ಆ ಹೊತ್ತಿನಲ್ಲಿ ಸುತ್ತ ಇನ್ನೊಂದು ಶತ್ರುವಿಮಾನ ಇರಲೇ ಇಲ್ಲ ಎಂದು ಆ ಮೇಲೆ ಅವನೇ ಹೇಳಿದ. ಯಾರೂ ಇಲ್ಲದ ಆಕಾಶವನ್ನು ಬೆಂಗಾವಲಿನವನು ಕುತ್ತಿಗೆ ತಿರುಗಿಸಿ ತಿರುಗಿಸಿ ಕಾದ.

ನೆಲೆ ಎರಡು ಮೈಲಿ ಇದೆ ಎನ್ನುವಾಗ ಅವನ ಎಂಜಿನ್ ನಿಂತಿತು. ಪ್ಯಾರಾಚೂಟ್ ಬಿಚ್ಚಿ ಹಾರಿಕೊಳ್ಳುವಷ್ಟು ಎತ್ತರ ಇರಲಿಲ್ಲ. ವಿಮಾನ ಜೋಳದ ಹೊಲಕ್ಕೆ ಬಿತ್ತು. ಬೆಂಕಿ ಹತ್ತಲಿಲ್ಲ. ಹತ್ತುವುದಕ್ಕೆ ಅದರಲ್ಲಿ ಏನೂ ಉಳಿದಿರಲಿಲ್ಲ.

ಫಿಟ್ಟರ್ ಓಡಿಹೋಗಿ ನೋಡಿದ. ಬಂದೂಕುಗಳ ಬಾಯಿಯಲ್ಲಿ ಅವನು ಬೆಳಿಗ್ಗೆ ಅಂಟಿಸಿದ ಬಟ್ಟೆ ಹಾಗೆಯೇ ಇತ್ತು. ಹಿಂದಿರುಗಿ ಬಂದು, ದಿನದ ಅಭ್ಯಾಸದಂತೆ ಮುಂದಾಳಿನ ಟ್ಯಾಂಕಿಗೆ ಕೋಲು ಇಳಿಸಿದ. ನೋಡಿದ. ಒರೆಸಿ ಇಟ್ಟ.

“ಆ ಹುಡುಗನದೂ ತಪ್ಪಿದೆ, ಗುರುಗಳೇ,” ಎಂದು ಚನ್ನವೀರ ನಡುವೆ ಬಾಯಿ ಹಾಕಿದ. “ಎಷ್ಟು ನಿಮಿಷಕ್ಕೆ ಸಾಕಾಗುತ್ತದೆ ಎಂದು ಅಂಕಿಯಲ್ಲಿ ಹೇಳಬೇಕಿತ್ತು. ಬರೀ ‘ಕಡಿಮೆ’ ಎಂದರೆ ಮುಂದಾಳಿಗೆ ಏನು ತಿಳಿಯಬೇಕು?”

ಗುರುಗಳ ಮುಖ ಕೆಂಪಾಯಿತು. ಅವರು ದನಿ ಏರಿಸಿದ್ದನ್ನು ಚನ್ನವೀರ ಅದುವರೆಗೆ ಕೇಳಿರಲಿಲ್ಲ.

“ಸತ್ತವನ ತಪ್ಪು ಎಷ್ಟು ಬೇಗ ಸಿಕ್ಕಿತಪ್ಪಾ ನಿನಗೆ! ಹಿಂದಿರುಗಿ ಬಂದವನಿಗೆ ನಿಷ್ಠೆಯಿಲ್ಲ ಎನ್ನುತ್ತೀಯ. ಹಿಂದಿರುಗದೆ ಸತ್ತವನಿಗೆ ಮಾತನಾಡಲು ಬರಲಿಲ್ಲ ಎನ್ನುತ್ತೀಯ. ಕೇಳದೆ ಹೋದವನ ಬಗ್ಗೆ ನಿನಗೆ ಹೇಳಲು ಏನೂ ಇಲ್ಲವೇ? ಸುಮ್ಮನೆ ಕೂತು ಕೇಳು. ಕತೆ ಇನ್ನೂ ಇದೆ.”

ಹದಿನೈದು ದಿನಗಳಾದ ಮೇಲೆ ನೆಲೆಯಲ್ಲಿ ಒಂದು ಸಭೆ ಸೇರಿತು. ಸತ್ತವನ ತಾಯಿಯನ್ನು ಊರಿನಿಂದ ಕರೆಸಿದ್ದರು. ಮುಂದಾಳು ಎದ್ದು ಮಾತನಾಡಿದ. “ಕೊನೆಯ ಹನಿ ಇರುವವರೆಗೂ ಅವನು ನನ್ನ ಬೆನ್ನು ಬಿಡಲಿಲ್ಲ. ನಿಷ್ಠೆ ಎಂದರೆ ಅದು,” ಎಂದ. ಅವನ ಕಣ್ಣಲ್ಲಿ ನೀರು ಬಂತು. ಅದು ನಟನೆಯಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಅವನು ತನ್ನ ಮಾತನ್ನು ನಂಬಿದ್ದ. ‘ನನ್ನಲ್ಲಿದೆ’ ಎಂದದ್ದು ಅವನಿಗೆ ನೆನಪೇ ಇರಲಿಲ್ಲ.

ಎಲ್ಲರೂ ಚಪ್ಪಾಳೆ ತಟ್ಟಿದರು. ಕಿಟಕಿಯ ಹೊರಗೆ ನಿಂತು ಕೇಳಿದ್ದ ಐದಾರು ಜನರೂ ತಟ್ಟಿದರು. ಫಿಟ್ಟರನೂ ತಟ್ಟಿದ.

ಸಭೆ ಮುಗಿದ ಮೇಲೆ ಆ ತಾಯಿ ಯಾರನ್ನೋ ಕೇಳಿಕೊಂಡು ಶೆಡ್ಡಿಗೆ ಬಂದಳು. ಹೊಲದಲ್ಲಿ ದುಡಿದು ಮಗನನ್ನು ಓದಿಸಿದವಳು.

“ಎಣ್ಣೆ ಹಾಕುವವರು ಯಾರಪ್ಪಾ?”

“ನಾನೇ, ತಾಯಿ.”

“ನನ್ನ ಮಗನಿಗೆ ಕಡಿಮೆ ಹಾಕಿದ್ದೆಯಾ?”

“ಇಲ್ಲ ತಾಯಿ. ಇಬ್ಬರಿಗೂ ಒಂದೇ ಸಮ ತುಂಬಿದ್ದೆ.”

“ಇಬ್ಬರೂ ಕೂಡಿ ಹೋದರು. ಕೂಡಿ ಬಂದರು. ಇವನಿಗೊಬ್ಬನಿಗೆ ಹೇಗಪ್ಪಾ ತೀರಿತು?”

ಅಷ್ಟು ದೊಡ್ಡ ಸಭೆಯಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಹೊರಗಿನ ಎತ್ತಿನ ಮಾತು ಹೇಳಿದ್ದರೆ ಅವಳಿಗೆ ಅರ್ಧ ಕ್ಷಣದಲ್ಲಿ ಅರ್ಥವಾಗುತ್ತಿತ್ತು. ಅವಳು ಕಣ ಕಂಡವಳು. ಫಿಟ್ಟರ್ ಬಾಯಿ ತೆರೆದ. ಬಾಗಿಲಿನಲ್ಲಿ ಅಧಿಕಾರಿಗಳು ನಿಂತಿದ್ದರು. ಅವರ ನಡುವೆ ಮುಂದಾಳೂ ಇದ್ದ.

“ಅವರ ಆಯುಸ್ಸು ಅಷ್ಟೇ ಇತ್ತು, ತಾಯಿ,” ಎಂದ ಫಿಟ್ಟರ್.

ಅವಳು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ತಿರುಗಿ ಹೋದಳು. ತನ್ನ ಮಗನಿಗೆ ಎಣ್ಣೆ ಕಡಿಮೆ ಹಾಕಿದವನನ್ನು ಕಣ್ಣಾರೆ ಕಂಡೆ ಎಂದುಕೊಂಡೇ ಅವಳು ಊರಿಗೆ ಹೋಗಿರಬೇಕು. ಫಿಟ್ಟರ್ ತಾನು ಬಾಯಿ ಮುಚ್ಚಿದ್ದಕ್ಕೆ ನಿಷ್ಠೆ ಎಂದು ಹೆಸರಿಟ್ಟುಕೊಂಡ. ಆ ಹೆಸರು ಕೆಲವು ತಿಂಗಳು ಬಾಳಿತು. ಯುದ್ಧ ಮುಗಿದ ವರ್ಷ ಅವನು ಕೆಲಸ ಬಿಟ್ಟು ಹೋದ. ಹೋಗುವ ಮೊದಲು ಆ ತಾಯಿಯ ಊರಿಗೆ ಹೋಗಿ ಕೇಳಿದ. ಅವಳು ತೀರಿಕೊಂಡಿದ್ದಳು.

ಕತೆ ಅಲ್ಲಿಗೆ ನಿಂತಿತು.

ಚನ್ನವೀರನ ಕೈ ಜೇಬಿನ ಮೇಲಿತ್ತು. ತಾನು ಇಂಧನ ಎಂದಾಗ ಗುರುಗಳು ಎಣ್ಣೆ ಎಂದದ್ದು ಅವನಿಗೆ ಈಗ ನೆನಪಾಯಿತು. “ಗುರುಗಳೇ, ಆ ಫಿಟ್ಟರ್...” ಎಂದು ಆರಂಭಿಸಿದವನು, ಸನ್ಯಾಸಿಯನ್ನು ಅದನ್ನು ಕೇಳಬಾರದು ಎಂದು ತಡೆದುಕೊಂಡ. ಬೇರೆಯದನ್ನು ಕೇಳಿದ.

“ಆ ತಾಯಿಗೆ ಅವನು ಏನು ಹೇಳಬೇಕಾಗಿತ್ತು?”

ಗುರುಗಳು ಮೊರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು.

“ಮುಂದಾಳಿನ ಟ್ಯಾಂಕಿನಲ್ಲಿ ಇನ್ನೂ ಹನ್ನೊಂದು ನಿಮಿಷದ ಎಣ್ಣೆ ಇತ್ತು.”